ಮೃಗಶಿರೆಯ ಮಳೆಯಲ್ಲಿ ನಾದಸೇವೆ

ಗೀತ, ವಾದ್ಯ, ನೃತ್ಯಗಳೆಂಬ ಮೂರರ ಕೂಟವೇ ಸಂಗೀತವೆಂದು 13ನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ನಿರೂಪಿಸಿದ್ದಾನೆ. ಹಾಡುವವನಲ್ಲಿರಬೇಕಾದ ಗುಣಗಳನ್ನೂ ಇರಬಾರದ ದೋಷಗಳನ್ನೂ ಆ ಗ್ರಂಥವು ಒಂದೊಂದಾಗಿ ಎಣಿಸುತ್ತದೆ. ಗಾಯಕನಿಗೆ ಗುಣದೋಷಗಳಿರುವಂತೆ ಕೇಳುಗನಿಗೂ ಗುಣದೋಷಗಳುಂಟು. ಗಾಯಕನ ಪರೀಕ್ಷೆಯು ವೇದಿಕೆಯ ಮೇಲೆ ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ; ಕೇಳುಗನ ಪರೀಕ್ಷೆಯು ನಡೆಯುವುದು ಅಪರೂಪ. ಹಣ ತೆತ್ತು ಚೀಟಿ ಕೊಂಡು, ಭದ್ರವಾದ ಸಭಾಗೃಹದಲ್ಲಿ ಮೆತ್ತನೆಯ ಆಸನದ ಮೇಲೆ ಕುಳಿತವನು ಸಂಗೀತಕ್ಕಾಗಿ ಕುಳಿತಿರುವನೋ, ಕೊಟ್ಟ ಹಣಕ್ಕಾಗಿ ಕುಳಿತಿರುವನೋ ಹೇಳುವುದು ಕಷ್ಟ. ಬಯಲಿನಲ್ಲಿ ಹಾಕಿದ ಚಪ್ಪರ, ಯಾರನ್ನೂ ಬೇಡವೆನ್ನದ ಬಾಗಿಲು, ಮೇಲೆ ಕವಿದ ಕಾರ್ಮುಗಿಲು ಇವು ಕೂಡಿದಲ್ಲಿ ಆ ಪರೀಕ್ಷೆಯು ತಾನಾಗಿಯೇ ನಡೆದುಹೋಗುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ವರ್ಷವರ್ಷವೂ ಜರುಗುವ ಪುಣ್ಯಸ್ಮರಣೋತ್ಸವದ ಸಂಗೀತಸಭೆಗಳು ಇಂಥವು. ಗಾನಯೋಗಿ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಕಣ್ಣಿಲ್ಲದ ಆ ಬಾಲಕನ ಕಂಠದ ಸಿರಿಯನ್ನು ಗುರುತಿಸಿ ವಿದ್ಯೆಗೆ ದಾರಿ ಮಾಡಿಕೊಟ್ಟವರು ಹಾನಗಲ್ಲ ಕುಮಾರ ಸ್ವಾಮಿಗಳವರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪ್ರಾವೀಣ್ಯವನ್ನು ಪಡೆದ ಗವಾಯಿಗಳು ಅದನ್ನು ತಮ್ಮ ಕೀರ್ತಿಗೆ ಸೋಪಾನವನ್ನಾಗಿ ಮಾಡಿಕೊಳ್ಳದೆ, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಅವರಿಗೆ ಅನ್ನ, ಆಶ್ರಯ, ವಿದ್ಯೆ ಮೂರನ್ನೂ ನೀಡಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಹಿರಿಯ ಗಾಯಕರು ಅವರ ಗರಡಿಯಲ್ಲಿ ಪಳಗಿದವರು. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರೂ, ತಾವೂ ದೃಷ್ಟಿಹೀನರೂ ಆದ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೂ ಇಳುಹಲಿಲ್ಲ. ಈ ಉಭಯ ಗುರುಗಳ ಸ್ಮರಣೆಗಾಗಿ ನಡೆಯುವ ಉತ್ಸವದಲ್ಲಿ ಸಂಗೀತಕ್ಕೆ ಬೆಲೆಯಿಲ್ಲ, ಪ್ರಸಾದಕ್ಕೂ ಇಲ್ಲ. ಬಂದವರೆಲ್ಲರೂ ಉಣ್ಣಬಹುದು, ಕುಳಿತವರೆಲ್ಲರೂ ಕೇಳಬಹುದು.

ಈ ಉತ್ಸವವು ಒದಗುವ ಕಾಲವನ್ನು ಗಮನಿಸಬೇಕು. ಮೇ ತಿಂಗಳ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರೆ, ಹೀಗೆ ಮುಂಗಾರಿನ ನಕ್ಷತ್ರಗಳು ಒಂದನ್ನೊಂದು ಹಿಂಬಾಲಿಸುವ ದಿನಗಳವು. ಗದುಗಿನ ಸೀಮೆಯು ಮಲೆನಾಡಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಎರೆಯ ನಾಡು ಅದು. ಮೃಗಶಿರೆಯು ಹದವಾಗಿ ಸುರಿದರೆ ಹೆಸರಿನ ಬಿತ್ತನೆ. ಸುರಿಯದಿದ್ದರೆ ರೈತನು ಮುಗಿಲಿಗೆ ಮುಖವೆತ್ತಿ ಕುಳಿತಿರಬೇಕು. ಆದುದರಿಂದ ಚಪ್ಪರದಡಿಯಲ್ಲಿ ಕುಳಿತ ಹಳ್ಳಿಗರು ಒಂದು ಕಿವಿಯನ್ನು ತಂಬೂರಿಗೂ ಇನ್ನೊಂದನ್ನು ಗುಡುಗಿಗೂ ಕೊಟ್ಟಿರುತ್ತಾರೆ. ಮಳೆ ಬಂದರೆ ಗಾನಕ್ಕೆ ವಿಘ್ನ. ಬಾರದಿದ್ದರೆ ಬಾಳಿಗೆ ವಿಘ್ನ. ಸಂಗೀತೋತ್ಸವಕ್ಕೆ ಮಳೆ ಅಡ್ಡಿಯಾಯಿತೆಂದು ಪಟ್ಟಣದವರು ಸುಲಭವಾಗಿ ಗೊಣಗಬಲ್ಲರು. ಆ ನೆಲದ ರೈತನ ಬಾಯಲ್ಲಿ ಅಂಥ ಮಾತು ಬರಲಾರದು.

ಮಳೆಯ ಪ್ರಭಾವವು ಮೊದಲು ಕಾಣುವುದು ವಾದ್ಯಗಳಲ್ಲಿ. ತಬಲದ ಮುಚ್ಚಳಿಗೆಯು ಆಡಿನ ತೊಗಲು. ಗಾಳಿಯಲ್ಲಿಯ ತೇವವನ್ನು ಹೀರಿಕೊಂಡು ಅದು ಸಡಿಲಾಗುತ್ತದೆ, ಶ್ರುತಿಯು ಇಳಿಯುತ್ತದೆ. ವಾದಕನು ಸುತ್ತಿಗೆಯಿಂದ ಅಂಚನ್ನು ತಟ್ಟಿ, ಬಾರಿನ ಕೆಳಗಣ ಕಟ್ಟಿಗೆಯ ಗಟ್ಟೆಗಳನ್ನು ಕೆಳಕ್ಕೆ ಸರಿಸಿ ಶ್ರುತಿಯನ್ನು ಏರಿಸುತ್ತಾನೆ. ಮತ್ತೊಂದು ಗಾಳಿ ಬೀಸಿದೊಡನೆ ಅದು ಮತ್ತೆ ಇಳಿಯುತ್ತದೆ. ತಂಬೂರಿಯ ಮರ, ಬುರುಡೆಗಳು ತೇವಕ್ಕೆ ಉಬ್ಬುತ್ತವೆ. ಕುದುರೆಯ ಮೇಲೆ ತಂತಿಗೆ ಸಿಕ್ಕಿಸಿದ ಜೀವಾಳದ ದಾರವನ್ನು ಪದೇ ಪದೇ ಸರಿಸಬೇಕಾಗುತ್ತದೆ. ವೇದಿಕೆಯ ಹಿಂದೆ ಕೆಂಡದ ಶಗಡಿಯನ್ನಿಟ್ಟು ತೊಗಲಿಗೆ ಹದವಾಗಿ ಕಾವು ತೋರಿಸುವುದೂ ಉಂಟು. ಹಾಡುವವನ ಕಂಠವೂ ತೊಗಲೇ ಅಲ್ಲವೇ! ಶೀತಗಾಳಿಗೆ ಅದೂ ಕಟ್ಟುತ್ತದೆ. ಅದಕ್ಕೆ ಶಗಡಿಯ ಕಾವು ಸಾಲದು, ಸಭೆಯ ಕಾವು ಬೇಕು.

ಅಂಥದೊಂದು ರಾತ್ರಿ. ಮುಂಜಾವಿನಿಂದ ಬಿಗಿದಿದ್ದ ಸೆಕೆಯು ಸಂಜೆಗೆ ಒಡೆದು ದೊಡ್ಡ ಹನಿಗಳು ಚಪ್ಪರದ ತಗಡಿನ ಮೇಲೆ ಉದುರತೊಡಗಿದವು. ವೇದಿಕೆಯ ಮೇಲೆ ಹದಿನಾಲ್ಕರ ಹರೆಯದ ಅಂಧ ವಿದ್ಯಾರ್ಥಿಯೊಬ್ಬನು ಹಾಡಲು ಕುಳಿತಿದ್ದನು. ಸಭೆಯಲ್ಲಿ ಒಬ್ಬನೇ ಕುಳಿತು ಹಾಡುವ ಪ್ರಸಂಗ ಅವನಿಗೆ ಅದೇ ಮೊದಲನೆಯದು. ಅವನು ಎತ್ತಿಕೊಂಡದ್ದು ದುರ್ಗಾ ರಾಗ. ಗಾಂಧಾರ ನಿಷಾದಗಳಿಲ್ಲದ, ಐದೇ ಸ್ವರಗಳ ಸರಳ ರಾಗವದು; ಮರೆಮಾಚಲು ಎಡೆಯಿಲ್ಲದ ಕಾರಣ ಎಳೆಯ ಕಂಠಕ್ಕೆ ಅದೇ ಕಠಿಣವೂ ಹೌದು. ಆಲಾಪವು ಮುಗಿದು ತೀನತಾಲದ ಚೀಜು ಆರಂಭವಾಗುವಷ್ಟರಲ್ಲಿ ಮಳೆಯು ಬಿರುಸಾಯಿತು. ಅಂಚಿನಲ್ಲಿ ಕುಳಿತವರ ಮೇಲೆ ಎರಚಲು ಬಡಿಯಿತು. ಹಾಸಿದ ಜಮಖಾನೆಯ ಅಡಿಗೆ ನೀರು ಹರಿದು ಬಂದಿತು. ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ಅವರ ಹಿಂದೆ ದೂರದೂರಿನವರೂ ಎದ್ದರು.

ಮೂರನೆಯ ಸಾಲಿನಲ್ಲಿ ಗೋಣಿಚೀಲವನ್ನು ಕೊಪ್ಪೆಯಂತೆ ತಲೆಯ ಮೇಲೆ ಹಾಕಿಕೊಂಡು ಒಬ್ಬ ವೃದ್ಧ ರೈತನು ಕುಳಿತಿದ್ದನು. ಅವನ ಅಣ್ಣನ ಮಗನು ಭುಜವನ್ನು ಮುಟ್ಟಿ ಹೇಳಿದನು:

“ಕಾಕಾ, ಕಡೀ ಬಸ್ಸು ಹೋಗೂ ಹೊತ್ತಾತು. ಮಳಿ ನಿಲ್ಲೂ ಹಂಗ ಕಾಣೂದಿಲ್ಲ. ಏಳ್ರಿ, ಹೋಗೂಣು.”

“ನೀ ಹೋಗು ತಮ್ಮಾ, ಎತ್ತಿಗೆ ಮೇವು ಹಾಕು. ಈ ಮಳಿಗೆ ನಾಳೆ ಯಾರೂ ಕೂರಿಗಿ ಹೂಡೂದಿಲ್ಲ. ಎರಿ ಹದಕ್ಕ ಬರಾಕ ಎರಡ ದಿನಾ ಬೇಕು. ಹುಡುಗ ಈಗರ ಹಾಡಾಕ ಕುಂತಾನ. ನಾವೆದ್ದು ಹ್ವಾದ್ರ ಹೆಂಗ?”

ತರುಣನು ಹೋದನು. ಅಷ್ಟರಲ್ಲಿ ವಿದ್ಯುದ್ದೀಪಗಳು ಒಮ್ಮೆಲೇ ಆರಿದವು, ಧ್ವನಿವರ್ಧಕವು ಮೂಕವಾಯಿತು. ಕತ್ತಲೆಯಾದುದು ಕಣ್ಣುಳ್ಳವರಿಗೆ. ಆ ಬಾಲಕನಿಗೆ ಆದ ನಷ್ಟವು ಬೇರೆ ಬಗೆಯದು. ಅವನ ಪಾಲಿಗೆ ಸಭೆಯೆಂದರೆ ಸಪ್ಪಳ: ಕೆಮ್ಮು, ಬಳೆಗಳ ಸದ್ದು, ಪಿಸುಮಾತು, ನಡುನಡುವೆ ಏಳುವ ‘ಭಲೇ’ಕಾರ. ತಗಡಿನ ಮೇಲಣ ಮಳೆಯು ಅವೆಲ್ಲವನ್ನೂ ನುಂಗಿಬಿಟ್ಟಿತ್ತು. ಸಾವಿರ ಜನರಿದ್ದರೂ ಅವನಿಗೆ ಅದೇ ಭೋರ್ಗರೆತ, ಒಬ್ಬರೂ ಇಲ್ಲದಿದ್ದರೂ ಅದೇ ಭೋರ್ಗರೆತ. ಅಂತರೆಯ ಹೊಸ್ತಿಲಲ್ಲಿ ಅವನ ಧ್ವನಿಯು ತಡೆಯಿತು. ಪೇಟಿ ನುಡಿಸುತ್ತಿದ್ದವರ ಕಡೆಗೆ ಬಾಗಿ ಅವನು ಕೇಳಿದನು:

“ಯಾರರ ಅದಾರೇನ್ರೀ?”

ಪೇಟಿಯವರು ಉತ್ತರಿಸುವುದಕ್ಕೆ ಮೊದಲೇ ಕತ್ತಲೆಯೊಳಗಿಂದ ಹೊಲದಲ್ಲಿ ಎತ್ತುಗಳನ್ನು ಕೂಗಿ ಪಳಗಿದ ಗಂಟಲೊಂದು ಮಳೆಯನ್ನು ಸೀಳಿಕೊಂಡು ಬಂದಿತು: “ಅದೀವಪಾ, ಹಾಡು!”

ಉಳಿದವರು ನೂರರೊಳಗೆ ಇದ್ದಾರು. ಅವರು ಒಬ್ಬೊಬ್ಬರಾಗಿ ಎದ್ದು ಮುಂದಕ್ಕೆ ಸರಿದು ವೇದಿಕೆಯ ಅಂಚಿಗೆ ಒತ್ತಿಕೊಂಡು ಕುಳಿತರು. ಯಾರೋ ಕಂದೀಲನ್ನು ತಂದರು. ತಬಲದ ಶ್ರುತಿಯು ಇಳಿದು ಧ್ವನಿಯು ಮಬ್ಬಾಗಿತ್ತು. ಮಳೆಯ ಸದ್ದಿನಲ್ಲಿ ಠೇಕವು ಹುಡುಗನಿಗೆ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಹಳ್ಳಿಯ ಭಜನಾಮೇಳಗಳಲ್ಲಿ ತಾಳ ಹಿಡಿದು ಬೆಳೆದ ಆ ಕೈಗಳಿಗೆ ಇದು ಒಡನೆಯೇ ತಿಳಿಯಿತು. 16 ಮಾತ್ರೆಗಳ ತೀನತಾಲದಲ್ಲಿ 1, 5, 13ನೆಯ ಮಾತ್ರೆಗಳಿಗೆ ಚಪ್ಪಾಳೆ, 9ನೆಯದು ಖಾಲಿ. ಅದೇ ಕ್ರಮದಲ್ಲಿ ನೂರು ಕೈಗಳು ತಟ್ಟತೊಡಗಿದವು. ಖಾಲಿ ಬಂದಾಗ ಮಳೆಯ ಸದ್ದು ಮಾತ್ರ. ಸಮ ಬಂದಾಗ ಜನರ ಸದ್ದು. ಎದುರಿಗೆ ಎಷ್ಟು ಮಂದಿ ಇರುವರೆಂಬುದು, ಎಷ್ಟು ಹತ್ತಿರದಲ್ಲಿರುವರೆಂಬುದು ಬಾಲಕನಿಗೆ ಈಗ ತಿಳಿಯಿತು. ಅಂತರೆಯು ತಾರಷಡ್ಜಕ್ಕೆ ನೇರವಾಗಿ ಏರಿ ನಿಂತಿತು. ತಾನಗಳು ತಡೆಯಿಲ್ಲದೆ ಹರಿದವು. ಅವನು ಹಾಡಿ ಮುಗಿಸಿದಾಗ ವೃದ್ಧನು ಗೋಣಿಚೀಲವನ್ನು ಕೊಡವಿ, ಮತ್ತೆ ಹೊದ್ದುಕೊಂಡು, ಮುಂದಿನ ಗಾಯಕನಿಗಾಗಿ ಅಲ್ಲಿಯೇ ಕುಳಿತನು. ನಡುರಾತ್ರಿಯ ಮೇಲೆ ಹಿರಿಯ ಕಲಾವಿದರೊಬ್ಬರು ಮಿಯಾಮಲ್ಹಾರವನ್ನು ಹಾಡಿದರು.

ಆಂದೋಲಿತವಾದ ಕೋಮಲಗಾಂಧಾರ, ಒಂದರ ಬೆನ್ನಿಗೊಂದು ಬರುವ ಎರಡು ನಿಷಾದಗಳು, ಮಂದ್ರದಲ್ಲಿ ಗುಡುಗುವ ಗಂಭೀರ ಗತಿ ಇವು ಆ ರಾಗದ ಲಕ್ಷಣಗಳು. ಅಕ್ಬರನ ಆಸ್ಥಾನದ ತಾನಸೇನನ ಹೆಸರು ಅದಕ್ಕೆ ಅಂಟಿಕೊಂಡಿದೆ. ಮಲ್ಹಾರವನ್ನು ಹಾಡಿ ಮಳೆಯನ್ನು ಕರೆದರೆಂಬ ಐತಿಹ್ಯವನ್ನು ಉತ್ತರದವರೂ, ಅಮೃತವರ್ಷಿಣಿಯನ್ನು ಹಾಡಿ ಮುತ್ತುಸ್ವಾಮಿ ದೀಕ್ಷಿತರು ಎಟ್ಟಯಪುರದ ಸೀಮೆಗೆ ಮಳೆ ತರಿಸಿದರೆಂಬ ಐತಿಹ್ಯವನ್ನು ದಕ್ಷಿಣದವರೂ ಹೇಳಿಕೊಂಡು ಬಂದಿದ್ದಾರೆ. ಗಾನಕ್ಕೆ ಮೇಘವು ಕರಗುವುದೋ ಇಲ್ಲವೋ, ಆ ವಾದವು ಹಾಗಿರಲಿ. ಸುರಿಯುವ ಮಳೆಯಲ್ಲಿಯೂ ಕದಲದೆ ಕುಳಿತು ಹಾಡುವವನಿಗೆ ಎದೆಗೊಡುವ ಜನರಿರುವುದು ಐತಿಹ್ಯವಲ್ಲ. ಅದಕ್ಕಾಗಿ ಪವಾಡವೂ ಬೇಕಾಗಿಲ್ಲ.

ಬೆಲೆಯಿಲ್ಲದೆ ದೊರೆತುದನ್ನು ಬೆಲೆಯಿಲ್ಲದುದೆಂದು ಬಗೆಯುವುದು ಲೋಕದ ವಾಡಿಕೆ. ಉಚಿತವಾದ ಸಭೆಯಿಂದ ಎದ್ದು ಹೋಗುವುದು ಸುಲಭ; ಕಳೆದುಕೊಳ್ಳುವುದೇನೂ ಇಲ್ಲವೆಂದು ಹೋಗುವವನು ತಿಳಿಯುತ್ತಾನೆ. ಕೂಸುಗಳ ತಾಯಂದಿರನ್ನೂ ದೂರದ ದಾರಿಯವರನ್ನೂ ಯಾರೂ ಆಕ್ಷೇಪಿಸಲಾರರು. ಆದರೆ ಉಳಿಯಬಲ್ಲವನು ಉಳಿಯಬೇಕು. ಅವನು ಎದ್ದು ಹೋದರೆ ಕಳೆದುಕೊಳ್ಳುವವನು ವೇದಿಕೆಯ ಮೇಲೆ ಇರುತ್ತಾನೆ. ವಿದ್ಯೆಯನ್ನು ಕಲಿಸಲು ಗುರುವಿದ್ದಾನೆ, ಅನ್ನವನ್ನಿಕ್ಕಲು ಮಠವಿದೆ, ವಾದ್ಯಗಳನ್ನು ಕೊಡಿಸಲು ದಾನಿಗಳಿದ್ದಾರೆ. ಕಲಿತ ವಿದ್ಯೆಗೆ ಕಿವಿಗೊಡುವ ದಾನವನ್ನು ಮಾತ್ರ ಬಡವನೂ ಮಾಡಬಲ್ಲನು.

ವಿದ್ಯಾರ್ಥಿಗಳು ಎಲ್ಲರೂ ಗಾಯಕರಾಗಲಾರರು. ಕೇಳುಗರಾಗಲು ಯಾವ ಅಡ್ಡಿಯೂ ಇಲ್ಲ. ಶಾಲೆಯ ಅಂಗಳದಲ್ಲಾಗಲಿ, ಊರ ಜಾತ್ರೆಯ ಬಯಲಿನಲ್ಲಾಗಲಿ ಎಳೆಯನೊಬ್ಬನು ಹಾಡಲು ಕುಳಿತಾಗ ಎರಡು ಹನಿ ಉದುರಿದರೆ ಓಡದೆ, ಒಂದು ಹೆಜ್ಜೆ ಮುಂದಕ್ಕೆ ಸರಿದು ಕುಳಿತುಕೊಳ್ಳುವುದನ್ನು ಅವರು ಕಲಿಯಲಿ. ಮುಂಗಾರು ಕಾಲಕ್ಕೆ ಬರಲಿ, ಎರೆಯು ಹದವಾಗಲಿ, ಹಾಡುವ ಕೊರಳಿಗೆ ಕೇಳುವ ಕಿವಿಗಳು ಎಂದೆಂದಿಗೂ ಒದಗಲಿ.