ಬಾಡಿಗೆಯವರದು ಯಾವ ಕ್ಯಾಟಗರಿ?

ಪ್ಲೇಸ್‌ಮೆಂಟ್ ನೋಟಿಸ್‌ನಲ್ಲಿ 'ಎಲಿಜಿಬಿಲಿಟಿ' ಅಂದ್ರೆ ಸಿಜಿಪಿಎ ಎಷ್ಟು, ಬ್ಯಾಕ್‌ಲಾಗ್ ಇದೆಯಾ, ಇಷ್ಟೇ. ನಮ್ಮ ಮನೆಗೆ ಈ ಪದ ಬಂದಿದ್ದು 2019ರ ಆಗಸ್ಟ್‌ನಲ್ಲಿ, ಹೊಳೆ ನೀರಿನ ಹಿಂದೆಯೇ.

ನಮ್ಮೂರು ಹುಕ್ಕೇರಿ ತಾಲ್ಲೂಕಿನ ಹತ್ತರಗಿ. ಹೈವೇದಲ್ಲಿ ಓಡಾಡೋರಿಗೆ ಟೋಲ್ ನಾಕಾ ಅಂದ್ರೆ ಗೊತ್ತಾಗುತ್ತೆ. ಅಪ್ಪನ ಕೆಲಸ, ನಮ್ಮ ಇಂಗ್ಲಿಷ್ ಮೀಡಿಯಂ ಸ್ಕೂಲು ಎರಡೂ ಗೋಕಾಕದಲ್ಲಿ ಇದ್ದದ್ದರಿಂದ ಅಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಆ ವಾರ ಘಟಪ್ರಭಾ, ಮಾರ್ಕಂಡೇಯ ಎರಡೂ ತುಂಬಿ ಹರಿದವು. ಲೋಳಸೂರ ಸೇತುವೆ ಮುಳುಗಿತು, ಊರೊಳಗೆ ನೀರು ನುಗ್ಗಿತು. ನಾವು ಉಟ್ಟ ಬಟ್ಟೆಯಲ್ಲಿ ಹತ್ತರಗಿಯ ಅಜ್ಜಿ ಮನೆ ಸೇರಿದೆವು. ಟಿವಿ, ಹಾಸಿಗೆ, ಜೋಳದ ಚೀಲ, ಪುಸ್ತಕ ಎಲ್ಲಾ ಅಲ್ಲೇ ಉಳಿದವು.

ನೀರು ಇಳಿದ ಮೇಲೆ ಸರ್ವೆ ಶುರುವಾಯ್ತು. ಮನೆ ಶೇ. 75ಕ್ಕಿಂತ ಹೆಚ್ಚು ಹಾಳಾಗಿದ್ದರೆ 'ಎ' ಕ್ಯಾಟಗರಿ, 25ರಿಂದ 75 ಆದರೆ 'ಬಿ', 15ರಿಂದ 25 ಆದರೆ 'ಸಿ'. ಕೇಂದ್ರದ ನಿಯಮದಂತೆ ಪೂರ್ತಿ ಬಿದ್ದ ಪಕ್ಕಾ ಮನೆಗೆ ಆಗ 95,100 ರೂಪಾಯಿ ಇತ್ತು. ರಾಜ್ಯ ಸರ್ಕಾರ ಅದನ್ನು 5 ಲಕ್ಷ ಮಾಡಿತು. ಮನೆ ಕಟ್ಟಿಕೊಳ್ಳೋವರೆಗೆ ಬಾಡಿಗೆಗೆ ಅಂತ ತಿಂಗಳಿಗೆ 5,000 ಕೊಡೋದಾಗಿಯೂ ಹೇಳಿತು. ಒಳ್ಳೆಯದೇ. ಆದರೆ ಇದೆಲ್ಲ ಬಿದ್ದ ಮನೆಯ ಲೆಕ್ಕ, ಹಣ ಹೋಗೋದು ಮನೆ ಯಾರ ಹೆಸರಲ್ಲಿದೆಯೋ ಅವರಿಗೆ. ಮೊದಲಿನಿಂದಲೂ ಬಾಡಿಗೆ ಕಟ್ಟುತ್ತಿದ್ದ ನಾವು ಆ ಲೆಕ್ಕದಲ್ಲೇ ಇರಲಿಲ್ಲ.

ನಮ್ಮಂಥವರಿಗೆ ಇದ್ದದ್ದು ಬಟ್ಟೆ-ಪಾತ್ರೆಯ ಪರಿಹಾರ. ನಿಯಮದ ಪ್ರಕಾರ ಬಟ್ಟೆಗೆ 1,800, ಪಾತ್ರೆಗೆ 2,000. ರಾಜ್ಯದ 6,200 ಸೇರಿ ಒಟ್ಟು 10,000. ಅದಕ್ಕೂ ನಾವು ಅಲ್ಲೇ ಇದ್ದೆವು ಅನ್ನೋದಕ್ಕೆ ದಾಖಲೆ ಬೇಕು. ನಮ್ಮ ರೇಷನ್ ಕಾರ್ಡು ಹತ್ತರಗಿಯದು, ಕರೆಂಟ್ ಬಿಲ್ಲು ಮಾಲೀಕರ ಹೆಸರಲ್ಲಿ, ಬಾಡಿಗೆ ಕರಾರು ಬರೀ ಬಾಯಿಮಾತು. ಸರ್ವೆಗೆ ಬಂದವರು ಕಾಗದ ನೋಡಿ, "ನೀವು ಹತ್ತರಗಿಯವರಲ್ರೀ, ಅಲ್ಲಿ ನಿಮ್ಮ ಮನಿ ಬಿದ್ದಿಲ್ಲಲ್ಲ?" ಅಂದ್ರು. ಅವ್ವ ಗೋಡೆ ಮೇಲಿನ ಕೆಸರಿನ ಗೆರೆ ತೋರಿಸಿ, "ಈ ರಾಡಿಯೊಳಗ ಹೋಗಿದ್ದು ನಮ್ಮ ಸಂಸಾರ ರೀ" ಅಂದಳು. ಕೊನೆಗೆ ಓಣಿಯ ನಾಲ್ಕು ಮಂದಿ ಪಂಚನಾಮೆಗೆ ಸಹಿ ಹಾಕಿದ್ದಕ್ಕೆ ನಮ್ಮ ಹೆಸರು ಸೇರಿತು.

ಮಾಲೀಕರೂ ಕೆಟ್ಟವರಲ್ಲ. ರಿಪೇರಿಗೆ ಸಾಲ ಮಾಡಿದ್ದರು. ಆಮೇಲೆ ಬಾಡಿಗೆ 3,000 ಇದ್ದದ್ದು 4,500 ಆಯ್ತು. "ಅಕ್ಕಾರ, ನಂದೂ ನೋಡ್ರಿ," ಅಂದ್ರು. ಅವ್ವ ನೋಡಿದಳು, ಅಪ್ಪನೂ ನೋಡಿದ. ಆ ವರ್ಷ ಅಪ್ಪ ದಿನಾ ಹತ್ತರಗಿಯಿಂದ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗಿಬಂದ. ನಾವಿಬ್ಬರು ಮಕ್ಕಳೂ ಅದೇ ಬಸ್ಸಿನಲ್ಲಿ.

ಈಗ ಯೋಚಿಸಿದರೆ ಅನ್ನಿಸೋದು ಇಷ್ಟು. ನಮ್ಮ ವಸತಿ ಯೋಜನೆಗಳು ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತವೆ: ಜಾಗ ಯಾರದು? ಒಳಗೆ ಇರೋರು ಯಾರು ಅಂತ ಕೇಳೋದು ಕಡಿಮೆ. 2020ರಲ್ಲಿ, ಕೊರೊನಾ ಸಮಯದಲ್ಲಿ, ವಲಸೆ ಕಾರ್ಮಿಕರು ನಡೆದು ಊರಿಗೆ ಹೊರಟಾಗ ದೇಶಕ್ಕೆಲ್ಲ ಇದು ಕಂಡಿತು. ಕೇಂದ್ರ ಸರ್ಕಾರ ಆ ವರ್ಷವೇ ನಗರಗಳಲ್ಲಿ ಅವರಿಗಾಗಿ ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆ ತಂದಿತು. ಸ್ವಂತ ಮನೆ ಕೊಡೋದಷ್ಟೇ ವಸತಿ ಅಲ್ಲ, ಬಾಡಿಗೆ ಮನೆಯೂ ವಸತಿಯೇ ಅಂತ ಒಪ್ಪಿಕೊಂಡ ಹಾಗಾಯ್ತು.

ನಮ್ಮ ಕಾಲೇಜಿನ ಸುತ್ತ ರೂಮು ಮಾಡಿಕೊಂಡಿರೋ ನಮ್ಮಲ್ಲಿ ಎಷ್ಟು ಜನರ ಹತ್ತಿರ ಬಾಡಿಗೆ ಕರಾರು ಇದೆ? ಡೆಪಾಸಿಟ್ ಕೊಟ್ಟ ರಸೀದಿ? ಸ್ಟ್ಯಾಂಪ್ ಪೇಪರ್ ಮೇಲೆ ಹನ್ನೊಂದು ತಿಂಗಳ ಕರಾರು, ತಿಂಗಳ ಬಾಡಿಗೆ ಫೋನ್‌ಪೇಯಲ್ಲಿ, ಇಷ್ಟಾದರೂ ಇರಲಿ. ಹೊಳೆ ಬಂದಾಗ ಪಂಚನಾಮೆಗೆ ಸಹಿ ಹಾಕೋಕೆ ನಾಲ್ಕು ಮಂದಿ ಸಿಗೋ ಓಣಿ ಎಲ್ಲರಿಗೂ ಇರೋದಿಲ್ಲ.