ಎರಡನೆಯ ಸೇತುವೆ ಕಟ್ಟಿದವರು ಯಾರು?

ವಿಯೆಟ್ನಾಂ ದೇಶದ ಹೋ ಚಿ ಮಿನ್ ನಗರದಿಂದ ನೈಋತ್ಯಕ್ಕೆ ಸುಮಾರು 125 ಕಿ.ಮೀ. ಸಾಗಿದರೆ ತಿಯೆನ್ ನದಿ ಎದುರಾಗುತ್ತದೆ. ಮಣ್ಣುಬಣ್ಣದ ವಿಶಾಲವಾದ ನದಿ ಅದು. ಅದಕ್ಕೆ ಅಡ್ಡಲಾಗಿ ಮಿ ಥುವಾನ್ ಎಂಬಲ್ಲಿ ಎರಡು ಸೇತುವೆಗಳು ನಿಂತಿವೆ. ಎರಡರ ನಡುವಿನ ದೂರ ಸುಮಾರು 350 ಮೀಟರ್. ಎರಡರಲ್ಲೂ ಗೋಪುರದಿಂದ ಗೋಪುರಕ್ಕೆ ಹರಡಿದ ಮುಖ್ಯ ಅಂಕಣದ ಉದ್ದವೂ 350 ಮೀಟರ್. ಗೋಪುರಗಳಿಂದ ಇಳಿಬಿದ್ದ ಉಕ್ಕಿನ ಕೇಬಲ್‌ಗಳು ರಸ್ತೆಯನ್ನು ಎತ್ತಿ ಹಿಡಿದಿರುವ ರೀತಿಯೂ ಒಂದೇ. ದೂರದಿಂದ ನೋಡಿದವರಿಗೆ ಅವಳಿ ಮಕ್ಕಳಂತೆ ಕಾಣುತ್ತವೆ.

ಆದರೆ ಅವುಗಳ ವಯಸ್ಸಿನಲ್ಲಿ 23 ವರ್ಷಗಳ ಅಂತರವಿದೆ. ಮೊದಲನೆಯದು 2000ದ ಮೇ ತಿಂಗಳಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅದರ ವೆಚ್ಚದ ಸುಮಾರು ಮೂರನೇ ಎರಡು ಪಾಲನ್ನು ಆಸ್ಟ್ರೇಲಿಯಾ ನೆರವಾಗಿ ನೀಡಿತು. ಕಟ್ಟಿದ್ದೂ ಆಸ್ಟ್ರೇಲಿಯಾದ ಕಂಪನಿಯೇ. ಎರಡನೆಯದು 2023ರ ಡಿಸೆಂಬರ್ 24ರಂದು ಉದ್ಘಾಟನೆಯಾಯಿತು. ಅದರ ನಕ್ಷೆ, ಮೇಲ್ವಿಚಾರಣೆ, ಕಾಮಗಾರಿ ಎಲ್ಲವೂ ವಿಯೆಟ್ನಾಮೀಯರದು. ಹಣ ಅಲ್ಲಿನ ಸರ್ಕಾರದ ಬೊಕ್ಕಸದ್ದು. ಈ 23 ವರ್ಷಗಳಲ್ಲಿ ನಡೆದದ್ದೇನು? ವೇಗವಾಗಿ ಬೆಳೆಯುತ್ತಿರುವ ದೇಶಕ್ಕೆ ಹೊರಗಿನ ಹಣವೂ ಹೊರಗಿನ ವ್ಯಾಪಾರಿಯೂ ಬಂದಾಗ ಏನಾಗುತ್ತದೆ, ಏನಾಗಬೇಕು ಎಂಬುದಕ್ಕೆ ಉತ್ತರ ಈ ಎರಡು ಸೇತುವೆಗಳ ನಡುವೆ ಇದೆ.

ಒಂಬತ್ತು ಡ್ರ್ಯಾಗನ್‌ಗಳ ನೀರು

ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟುವ ಮೆಕಾಂಗ್ ನದಿ ಸಮುದ್ರ ಸೇರುವ ಮೊದಲು ಹಲವು ಕವಲುಗಳಾಗಿ ಒಡೆಯುತ್ತದೆ. ವಿಯೆಟ್ನಾಮೀಯರು ಅದನ್ನು ಕರೆಯುವ ಹೆಸರಿನ ಅರ್ಥ ‘ಒಂಬತ್ತು ಡ್ರ್ಯಾಗನ್‌ಗಳು’ ಎಂದು. ತಿಯೆನ್ ಮತ್ತು ಹಾವ್ ಇವುಗಳಲ್ಲಿ ಹಿರಿಯ ಕವಲುಗಳು. ಸಾವಿರಾರು ವರ್ಷಗಳಿಂದ ನದಿ ಹೊತ್ತು ತಂದ ಮೆಕ್ಕಲು ಮಣ್ಣೇ ಇಲ್ಲಿನ ನೆಲ. ದೇಶದ ಅರ್ಧಕ್ಕಿಂತ ಹೆಚ್ಚು ಭತ್ತ ಬೆಳೆಯುವುದು ಇಲ್ಲಿಯೇ. ರಫ್ತಾಗುವ ಅಕ್ಕಿಯಲ್ಲಿ ಸುಮಾರು ಶೇ. 90ರಷ್ಟು ಈ ನದೀಮುಖಜ ಭೂಮಿಯದು.

ಬೆಳೆಗೆ ವರವಾದ ಈ ನೀರೇ ಸಂಚಾರಕ್ಕೆ ಅಡ್ಡಿ. ಸೇತುವೆ ಬರುವ ಮುನ್ನ ಮಿ ಥುವಾನ್‌ನಲ್ಲಿ ಲಾರಿ, ಬಸ್ಸುಗಳೆಲ್ಲ ಲಾಂಚಿಗಾಗಿ ಸಾಲುಗಟ್ಟಿ ಕಾಯಬೇಕಿತ್ತು. ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ಸೇತುವೆಯಾಗುವವರೆಗೆ ಸಿಗಂದೂರಿಗೆ ಹೊರಟವರು ಲಾಂಚಿಗೆ ಕಾದದ್ದನ್ನು ಕಂಡ ಕನ್ನಡಿಗರಿಗೆ ಈ ಚಿತ್ರ ಹೊಸದಲ್ಲ. ಅದನ್ನೇ ಒಂದು ದೇಶದ ಮುಖ್ಯ ಹೆದ್ದಾರಿಗೆ ಹೋಲಿಸಿ ದೊಡ್ಡದು ಮಾಡಿಕೊಂಡರೆ ಸಾಕು. ತಳ್ಳುಗಾಡಿಯ ಹಣ್ಣಿನಿಂದ ಹಿಡಿದು ಮೀನಿನ ಪೆಟ್ಟಿಗೆಯವರೆಗೆ ಎಲ್ಲವೂ ದಡದಲ್ಲಿ ನಿಲ್ಲಬೇಕು. ಹಣ್ಣು, ಮೀನು ಗಡಿಯಾರ ನೋಡಿ ಕೆಡುವ ಪದಾರ್ಥಗಳು. ಕಾಯುವ ಪ್ರತಿ ಗಂಟೆಯೂ ರೈತನ ಜೇಬಿನಿಂದಲೇ ಹೋಗುತ್ತಿತ್ತು.

ಹಗುರ ಸರಕು, ಭಾರ ಸರಕು

ವಿಯೆಟ್ನಾಂ 1986ರಲ್ಲಿ ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆಯನ್ನು ಕೈಗೊಂಡಿತು. ಯುದ್ಧಗಳಿಂದ ಜರ್ಜರಿತವಾಗಿದ್ದ ದೇಶ ಹೊರಗಿನ ಬಂಡವಾಳಕ್ಕೆ ಬಾಗಿಲು ತೆರೆಯಿತು. ಕೊರಿಯಾದ ಸ್ಯಾಮ್‌ಸಂಗ್ ಕಂಪನಿ 2009ರಲ್ಲಿ ಹನೋಯಿ ಬಳಿಯ ಬಾಕ್ ನಿನ್‌ನಲ್ಲಿ ಮೊಬೈಲ್ ಫೋನ್ ತಯಾರಿಕೆ ಆರಂಭಿಸಿತು. 2024ರಲ್ಲಿ ದೇಶದ ಉತ್ಪನ್ನ ಶೇ. 7ಕ್ಕೂ ಹೆಚ್ಚು ವೇಗದಲ್ಲಿ ಬೆಳೆಯಿತು.

ರಸ್ತೆಯೇ ಸರಿಯಿಲ್ಲದ ಕಡೆಗೆ ಇಷ್ಟು ದೊಡ್ಡ ಕಂಪನಿಗಳು ಹೇಗೆ ಬಂದವು ಎಂದು ವಿದ್ಯಾರ್ಥಿಗಳು ಕೇಳಬಹುದು. ಇದಕ್ಕೆ ಒಂದು ಸರಳ ಲೆಕ್ಕವಿದೆ. ಒಂದು ಕಿಲೋ ತೂಕದ ಮೊಬೈಲ್ ಫೋನುಗಳ ಬೆಲೆಯನ್ನೂ ಒಂದು ಕಿಲೋ ಅಕ್ಕಿಯ ಬೆಲೆಯನ್ನೂ ಹೋಲಿಸಿ ನೋಡಿ. ಫೋನು ಹಗುರ, ಬೆಲೆ ಹೆಚ್ಚು; ವಿಮಾನದ ಬಾಡಿಗೆಯನ್ನು ಅದು ತಾನೇ ತೆತ್ತುಕೊಳ್ಳುತ್ತದೆ. ಕಾರ್ಖಾನೆಯಿಂದ ವಿಮಾನ ನಿಲ್ದಾಣಕ್ಕೆ ಒಂದು ಒಳ್ಳೆಯ ರಸ್ತೆ ಇದ್ದರೆ ಸಾಕು. ಅಕ್ಕಿಗೆ ಆ ಭಾಗ್ಯವಿಲ್ಲ. ಅದು ದೋಣಿ, ಲಾರಿಗಳಲ್ಲೇ ಬಂದರಿಗೆ ಹೋಗಬೇಕು. ಹೀಗಾಗಿ ಕೆಟ್ಟ ರಸ್ತೆಯ ಹೊರೆ ವಿದೇಶಿ ಕಂಪನಿಗಿಂತ ಹೆಚ್ಚಾಗಿ ಬೀಳುವುದು ಗದ್ದೆಯಲ್ಲಿ ನಿಂತ ರೈತನ ಮೇಲೆ. ಸೇತುವೆ, ರಸ್ತೆಗಳ ಪ್ರಶ್ನೆ ಅಲ್ಲಿ ಎಂಜಿನಿಯರ್‌ಗಳಿಗೆ ಮಾತ್ರ ಸೇರಿದ್ದಲ್ಲ ಎನ್ನುವುದು ಈ ಕಾರಣಕ್ಕೆ.

ಮೆತ್ತನೆಯ ಮಣ್ಣಿನ ಪಾಠ

ಮೆಕ್ಕಲು ನೆಲದಲ್ಲಿ ಭಾರದ ಕಟ್ಟಡ ನಿಲ್ಲಿಸುವುದು ಸುಲಭವಲ್ಲ. ಇಲ್ಲಿನ ಜೇಡಿಮಣ್ಣು ನೀರು ಕುಡಿದ ಸ್ಪಂಜಿನಂತೆ. ಮೇಲೆ ಭಾರ ಬಿದ್ದೊಡನೆ ಸ್ಪಂಜಿನಿಂದ ನೀರು ಹೊರಬರುತ್ತದೆ. ಜೇಡಿಮಣ್ಣಿನ ರಂಧ್ರಗಳು ಅತಿ ಸೂಕ್ಷ್ಮವಾದ್ದರಿಂದ ಅದರ ನೀರು ಹೊರಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಲ್ಲಿಯವರೆಗೂ ನೆಲ ಕುಸಿಯುತ್ತಲೇ ಇರುತ್ತದೆ. ಆದ್ದರಿಂದ ರಸ್ತೆ ಮಾಡುವವರು ಮಣ್ಣಿನೊಳಕ್ಕೆ ನೀರು ಹೀರುವ ಉದ್ದನೆಯ ಪಟ್ಟಿಗಳನ್ನು ಇಳಿಸಿ, ಮೇಲೆ ಮರಳಿನ ರಾಶಿ ಹೇರಿ, ನೆಲ ಗಟ್ಟಿಯಾಗುವವರೆಗೆ ತಾಳ್ಮೆಯಿಂದ ಕಾಯುತ್ತಾರೆ. ಸೇತುವೆಯ ಕಂಬಗಳಿಗಾದರೋ ಮೆತ್ತನೆಯ ಪದರವನ್ನು ದಾಟಿ ಬಹು ಆಳದವರೆಗೆ ಕಾಂಕ್ರೀಟ್ ಬುಡ ಇಳಿಸಬೇಕು.

ಈ ಮಣ್ಣನ್ನು ಹಗುರವಾಗಿ ಎಣಿಸಿದರೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಕಾನ್ ಥೋ ಪಟ್ಟಣ ಕಂಡಿತು. ಹಾವ್ ನದಿಯ ಮೇಲೆ ಜಪಾನಿನ ಸಾಲದಿಂದ, ಜಪಾನೀ ಕಂಪನಿಗಳ ಗುತ್ತಿಗೆಯಲ್ಲಿ ಅಲ್ಲಿ ದೊಡ್ಡ ಕೇಬಲ್ ಸೇತುವೆಯೊಂದು ಏಳುತ್ತಿತ್ತು. 2007ರ ಸೆಪ್ಟೆಂಬರ್ 26ರ ಬೆಳಿಗ್ಗೆ ದಡದ ಕಡೆಯ ಅಂಕಣವೊಂದು ಕುಸಿದು 50ಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹಸಿ ಕಾಂಕ್ರೀಟನ್ನು ಹೊತ್ತಿದ್ದ ತಾತ್ಕಾಲಿಕ ಆಧಾರದ ಬುಡ ಮಣ್ಣಿನಲ್ಲಿ ಒಂದೇ ಸಮನಾಗಿ ಕೂರದೆ ಒಂದು ಕಡೆ ಹೆಚ್ಚು ಇಳಿದಿತ್ತು ಎಂದು ತನಿಖೆ ಹೇಳಿತು. ಕೆಲವು ಮಿಲಿಮೀಟರ್‌ಗಳ ವ್ಯತ್ಯಾಸವೂ ಭಾರವನ್ನೆಲ್ಲ ಒಂದೇ ಕಡೆಗೆ ವಾಲಿಸಬಲ್ಲದು. ಸೇತುವೆ ಪೂರ್ಣಗೊಂಡದ್ದು 2010ರಲ್ಲಿ. ಅದರ ಮುಖ್ಯ ಅಂಕಣ 550 ಮೀಟರ್. ಹೊರಗಿನಿಂದ ಬಂದ ಜಾಣತನಕ್ಕೂ ಸ್ಥಳೀಯ ಮಣ್ಣಿನ ಅರಿವು ಬೇಕೇಬೇಕು ಎಂಬುದನ್ನು ಆ ಸಾವುಗಳು ಕಲಿಸಿದವು.

ಇಷ್ಟರಲ್ಲಿ ವಿಯೆಟ್ನಾಮೀ ಎಂಜಿನಿಯರ್‌ಗಳು ಸುಮ್ಮನೆ ಕುಳಿತಿರಲಿಲ್ಲ. ತಿಯೆನ್ ನದಿಯ ಮೇಲೆಯೇ, ಮಿ ಥುವಾನ್‌ನಿಂದ ಕೆಳಗಡೆ, ರಾಚ್ ಮಿಯು ಎಂಬಲ್ಲಿ ತಾವೇ ನಕ್ಷೆ ಬರೆದು ತಾವೇ ಕಟ್ಟಿದ ಮೊದಲ ಕೇಬಲ್ ಸೇತುವೆಯನ್ನು ಅವರು 2009ರಲ್ಲಿ ತೆರೆದರು. ಅದರ ಮುಖ್ಯ ಅಂಕಣ 270 ಮೀಟರ್, ಗುರುಗಳ ಸೇತುವೆಗಿಂತ ಚಿಕ್ಕದು. ಅಲ್ಲಿಂದ ಮುಂದೆ 350 ಮೀಟರಿನ ಎರಡನೆಯ ಮಿ ಥುವಾನ್‌ಗೆ ತಲುಪಲು ಮತ್ತೂ 14 ವರ್ಷ ಹಿಡಿಯಿತು.

ಬೆಟ್ಟ ಕೊರೆದವರು

ಇದೇ ಕಥೆಯ ಇನ್ನೊಂದು ರೂಪ ದೇಶದ ನಡುಭಾಗದಲ್ಲಿದೆ. ಉತ್ತರದಿಂದ ದಕ್ಷಿಣಕ್ಕೆ ಉದ್ದವಾಗಿ ಚಾಚಿಕೊಂಡ ವಿಯೆಟ್ನಾಮಿನ ಸೊಂಟ ಕೆಲವೆಡೆ 50 ಕಿ.ಮೀ.ನಷ್ಟು ಮಾತ್ರ ಅಗಲ. ದಾ ನಾಂಗ್ ನಗರದ ಉತ್ತರಕ್ಕೆ ಬೆಟ್ಟಸಾಲು ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಅದೇ ಹೈ ವಾನ್ ಘಟ್ಟ. ಸದಾ ಮೋಡ ಕವಿದ, ತಿರುವು ಮುರುವಿನ 20 ಕಿ.ಮೀ.ಗೂ ಹೆಚ್ಚಿನ ದಾರಿ. ದೇಶದ ಎರಡು ಭಾಗಗಳ ಲಾರಿಗಳೆಲ್ಲ ಅಲ್ಲಿಯೇ ಏದುಸಿರು ಬಿಡುತ್ತಾ ಹತ್ತಬೇಕಿತ್ತು.

ಜಪಾನಿನ ಸಾಲದಿಂದ ಕೊರೆದ 6.28 ಕಿ.ಮೀ. ಉದ್ದದ ಸುರಂಗ 2005ರ ಜೂನ್‌ನಲ್ಲಿ ತೆರೆಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಪಾನ್ ಮತ್ತು ಕೊರಿಯಾದ ಕಂಪನಿಗಳು ಒಂಟಿಯಾಗಿ ಕೆಲಸ ಮಾಡಲಿಲ್ಲ. ವಿಯೆಟ್ನಾಮೀ ಕಂಪನಿಗಳು ಗುತ್ತಿಗೆಯಲ್ಲಿ ಪಾಲುದಾರರಾಗಿದ್ದವು. ಬಂಡೆ ಸಿಡಿಸುವುದು, ಸಿಡಿದ ಗೋಡೆಗೆ ಒಡನೆಯೇ ಕಾಂಕ್ರೀಟ್ ಚಿಮ್ಮಿಸಿ ಹಿಡಿದು ನಿಲ್ಲಿಸುವುದು, ಕಲ್ಲಿನ ಅಲುಗಾಟವನ್ನು ಅಳೆಯುವುದು ಇವೆಲ್ಲ ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ಪಕ್ಕದಲ್ಲಿ ನಿಂತು ಕೈಯಾಡಿಸಿದವರಿಗೇ ಅವು ಒಲಿಯುತ್ತವೆ.

ಒಲಿದದ್ದಕ್ಕೆ ಸಾಕ್ಷಿ ಎರಡನೆಯ ಸುರಂಗ. ಮೊದಲ ಸುರಂಗದ ಪಕ್ಕದಲ್ಲಿ ಅಪಾಯಕಾಲಕ್ಕೆಂದು ಕೊರೆದಿದ್ದ ಕಿರುದಾರಿಯನ್ನೇ ಅಗಲಗೊಳಿಸಿ, ದೇವ್ ಕಾ ಎಂಬ ವಿಯೆಟ್ನಾಮೀ ಕಂಪನಿ ಅದನ್ನು 2021ರ ಜನವರಿಯಲ್ಲಿ ಸಂಚಾರಕ್ಕೆ ಒಪ್ಪಿಸಿತು. ಪಕ್ಕದಲ್ಲಿ ವಾಹನಗಳು ಓಡುತ್ತಿರುವಾಗಲೇ ಬಂಡೆ ಸಿಡಿಸುವ ಸೂಕ್ಷ್ಮದ ಕೆಲಸ ಅದು.

ಕಿರಿದಾದ ಹಳಿ

ರಸ್ತೆಯಲ್ಲಿ ಕಂಡ ಈ ಪ್ರಗತಿ ರೈಲಿನಲ್ಲಿ ಇನ್ನೂ ಕಂಡಿಲ್ಲ. ಹನೋಯಿಯಿಂದ ಹೋ ಚಿ ಮಿನ್ ನಗರಕ್ಕೆ ಹೋಗುವ 1,726 ಕಿ.ಮೀ. ಹಳಿಯನ್ನು ಫ್ರೆಂಚರು ಹಾಕಿ ಮುಗಿಸಿದ್ದು 1936ರಲ್ಲಿ. ಅದು ಒಂಟಿ ಹಳಿ. ಹಳೆಯ ತಲೆಮಾರಿನ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಮೀಟರ್ ಗೇಜ್. ಯುದ್ಧದಲ್ಲಿ ತುಂಡುತುಂಡಾಗಿದ್ದ ಮಾರ್ಗವನ್ನು ಜೋಡಿಸಿ 1976ರ ಡಿಸೆಂಬರ್ 31ರಂದು ಮತ್ತೆ ರೈಲು ಓಡಿಸಲಾಯಿತು. ಇಂದಿಗೂ ಪೂರ್ತಿ ಪ್ರಯಾಣಕ್ಕೆ 30 ಗಂಟೆಗಳಿಗೂ ಹೆಚ್ಚು ಬೇಕು. ಹಳಿಗಳ ಅಂತರ ಕಿರಿದಾದಷ್ಟೂ ತಿರುವುಗಳಲ್ಲಿ ವೇಗವಾಗಿ ಓಡುವ ಬಂಡಿ ಮಗುಚುವ ಭಯ ಹೆಚ್ಚು. ಎದುರಿನಿಂದ ರೈಲು ಬಂದರೆ ಒಂದು ನಿಲ್ದಾಣದಲ್ಲಿ ಕಾಯಲೇಬೇಕು. ಪಕ್ಕದ ಚೀನಾದ ಹಳಿ 1,435 ಮಿ.ಮೀ. ಅಗಲದ್ದು; ಗಡಿಯ ಲಾವ್ ಕಾಯ್ ಬಳಿ ಆ ಹಳಿಯ ಸರಕನ್ನು ಮೀಟರ್ ಗೇಜ್ ಬಂಡಿಗೆ ಬದಲಾಯಿಸಬೇಕು.

ನಗರದೊಳಗೆ ಜನರ ಆಸರೆ ಮೋಟಾರ್ ಸೈಕಲ್. 10 ಕೋಟಿ ಜನಸಂಖ್ಯೆಯ ದೇಶದಲ್ಲಿ ನೋಂದಣಿಯಾದ ದ್ವಿಚಕ್ರ ವಾಹನಗಳು 7 ಕೋಟಿಗೂ ಹೆಚ್ಚು. ಇದಕ್ಕೆ ಪರಿಹಾರವೆಂದು ಮೆಟ್ರೋ ಕಟ್ಟಲು ಹೊರಟಾಗ ಸಾಲ ಕೊಟ್ಟವರ ನೆರಳು ಹಳಿಯ ಮೇಲೂ ಬಿತ್ತು. ಹನೋಯಿಯ ಮೊದಲ ಮಾರ್ಗ 13 ಕಿ.ಮೀ.; ಚೀನಾದ ಸಾಲ, ಚೀನಾದ ಗುತ್ತಿಗೆದಾರರು, ಚೀನಾದ ಬೋಗಿಗಳು. 2011ರಲ್ಲಿ ಆರಂಭವಾದ ಕೆಲಸ ಮುಗಿದದ್ದು 2021ರ ನವೆಂಬರ್‌ನಲ್ಲಿ. ಅದೇ ಊರಿನಲ್ಲಿ 2024ರ ಆಗಸ್ಟ್‌ನಲ್ಲಿ ಓಡತೊಡಗಿದ ಇನ್ನೊಂದು ಮಾರ್ಗದ ಬೋಗಿಗಳು ಫ್ರಾನ್ಸಿನ ಕಂಪನಿಯವು. ಹೋ ಚಿ ಮಿನ್ ನಗರದ 19.7 ಕಿ.ಮೀ. ಮಾರ್ಗ ಜಪಾನಿನ ಸಾಲದ್ದು. 2012ರಲ್ಲಿ ತೊಡಗಿ 2024ರ ಡಿಸೆಂಬರ್ 22ರಂದು ತೆರೆಯಿತು. ಮೂರು ಮಾರ್ಗ, ಮೂರು ದೇಶಗಳ ತಂತ್ರಜ್ಞಾನ. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುವ ಭರವಸೆಯಿಲ್ಲ. ಚಾಲಕರಿಗೂ ದುರಸ್ತಿಗಾರರಿಗೂ ಬೇರೆ ಬೇರೆ ತರಬೇತಿ. ಬೋಗಿ ಮಾರಿದವರಿಗೆ ಮುಂದಿನ ಮೂರು ದಶಕ ಬಿಡಿಭಾಗದ ಗಿರಾಕಿ ಸಿಕ್ಕಂತೆಯೇ. ವಿದೇಶಿ ವ್ಯಾಪಾರದ ಅವಕಾಶ ಎಂಬ ಮಾತಿನ ಒಳಗುಟ್ಟು ಇದು.

ಮುಂದಿನ ಪರೀಕ್ಷೆ

2010ರಲ್ಲಿ ಜಪಾನೀ ಮಾದರಿಯ ಅತಿವೇಗದ ರೈಲಿನ ಪ್ರಸ್ತಾವ ಅಲ್ಲಿನ ಸಂಸತ್ತಿನ ಮುಂದೆ ಬಂತು. ವೆಚ್ಚ 56 ಶತಕೋಟಿ ಡಾಲರ್. ಇಷ್ಟು ಸಾಲ ಹೊರುವ ಶಕ್ತಿ ದೇಶಕ್ಕಿಲ್ಲವೆಂದು ಸಂಸತ್ತು ಅದನ್ನು ತಿರಸ್ಕರಿಸಿತು. ಸರ್ಕಾರದ ಮಾತಿಗೆ ತಲೆದೂಗುವುದೇ ವಾಡಿಕೆಯಾಗಿದ್ದ ಸಭೆಯಲ್ಲಿ ಅದೊಂದು ಅಪರೂಪದ ನಿರ್ಧಾರ. 2024ರ ನವೆಂಬರ್ 30ರಂದು ಅದೇ ಸಂಸತ್ತು 1,541 ಕಿ.ಮೀ. ಉದ್ದದ, ಗಂಟೆಗೆ 350 ಕಿ.ಮೀ. ವೇಗದ ಮಾರ್ಗಕ್ಕೆ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 67 ಶತಕೋಟಿ ಡಾಲರ್. ಲಾವ್ ಕಾಯ್‌ನಿಂದ ಹನೋಯಿ ಮೂಲಕ ಹೈ ಫಾಂಗ್ ಬಂದರಿಗೆ ಅಗಲ ಹಳಿಯ ಮಾರ್ಗಕ್ಕೂ 2025ರ ಫೆಬ್ರುವರಿಯಲ್ಲಿ ಅನುಮೋದನೆ ದೊರೆಯಿತು.

ಈ ಬಾರಿ ಸರ್ಕಾರ ಬರೀ ಬೋಗಿ ಕೊಳ್ಳುವ ಮಾತಾಡುತ್ತಿಲ್ಲ. ವಿದ್ಯೆಯನ್ನೂ ಹೇಳಿಕೊಡಬೇಕೆಂಬ ಷರತ್ತನ್ನು ಮುಂದಿಟ್ಟಿದೆ. ದೇಶದ ಉಕ್ಕಿನ ಕಂಪನಿ ಹ್ವಾ ಫಾತ್ ರೈಲು ಹಳಿಯ ಉಕ್ಕು ತಯಾರಿಸುವ ಯೋಜನೆಯನ್ನು 2025ರಲ್ಲಿ ಪ್ರಕಟಿಸಿತು. ಆದರೆ ಕೆಲಸ ಸುಲಭವಲ್ಲ. ಸೇತುವೆಯ ವಿದ್ಯೆ ಕೈಗೂಡಲು ಎರಡು ದಶಕ ಬೇಕಾಯಿತು. ಅತಿವೇಗದ ರೈಲಿನ ವಿದ್ಯೆ ಅದಕ್ಕಿಂತ ಜಟಿಲ. ನದೀಮುಖಜ ಭೂಮಿಯಲ್ಲಿ ಮತ್ತೊಂದು ಸಂಕಟವೂ ಎದುರಾಗಿದೆ. ಹೆದ್ದಾರಿಗಳಿಗೆ ಬೇಕಾದ ಮರಳನ್ನು ನದಿಯಿಂದಲೇ ಎತ್ತುತ್ತಾರೆ. ಮೇಲಿನ ಅಣೆಕಟ್ಟುಗಳು ಹೊಸ ಮೆಕ್ಕಲನ್ನು ತಡೆದಿರುವುದರಿಂದ ಎತ್ತಿದ ಮರಳು ಮತ್ತೆ ತುಂಬುತ್ತಿಲ್ಲ. ದಡ ಕುಸಿಯುತ್ತಿದೆ, ಮನೆಗಳು ನೀರುಪಾಲಾಗುತ್ತಿವೆ. ಇದಕ್ಕೆ ಸಾಲ ಕೊಡುವ ಯಾವ ದೇಶದ ಬಳಿಯೂ ಸಿದ್ಧ ಉತ್ತರವಿಲ್ಲ.

ಆ ಉತ್ತರವನ್ನು ಅಲ್ಲಿನ ಶಾಲೆ ಕಾಲೇಜುಗಳಲ್ಲಿ ಇಂದು ಭೌತಶಾಸ್ತ್ರ, ಗಣಿತ ಕಲಿಯುತ್ತಿರುವ ಮಕ್ಕಳೇ ಹುಡುಕಬೇಕು. ಮಿ ಥುವಾನ್‌ನ ಮೊದಲ ಸೇತುವೆ ತೆರೆದ ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದ ಮಕ್ಕಳು ಎರಡನೆಯದು ತೆರೆಯುವ ಹೊತ್ತಿಗೆ ಎಂಜಿನಿಯರ್‌ಗಳಾಗುವ ವಯಸ್ಸು ದಾಟಿದ್ದರು. ಒಂದು ಸೇತುವೆಯಿಂದ ಇನ್ನೊಂದಕ್ಕೆ ಇರುವ ನಿಜವಾದ ದೂರ 350 ಮೀಟರ್ ಅಲ್ಲ, ಒಂದು ತಲೆಮಾರಿನ ಓದು. ಹೊಸ ರೈಲು ಮಾರ್ಗ ಯಾವ ದೇಶದ ನೆರವಿನಿಂದಲೇ ಬರಲಿ, ಅದು ಲಾಭವೋ ನಷ್ಟವೋ ಎಂದು ವಿಯೆಟ್ನಾಮೀಯರು ತೀರ್ಮಾನಿಸುವುದು ಅದರ ಪಕ್ಕದಲ್ಲಿ ಎರಡನೆಯ ಹಳಿ ಹಾಕುವ ದಿನ, ಹಾಕುವವರು ಯಾರೆಂದು ನೋಡಿ.