ಎಣ್ಣೆಯ ಲೆಕ್ಕದಲ್ಲಿ ದಾಟಿದ ಕಡಲು

1912ರ ಏಪ್ರಿಲ್ 11ರಂದು ಐರ್ಲೆಂಡಿನ ದಕ್ಷಿಣ ತೀರದ ಕ್ವೀನ್ಸ್‌ಟೌನ್ ರೇವಿನಿಂದ ಮಹಾನೌಕೆಯೊಂದು ಪಶ್ಚಿಮಾಭಿಮುಖವಾಗಿ ಹೊರಟಿತು. ಅದರ ಉದ್ದ 882 ಅಡಿ, ಹೆಸರು ಟೈಟಾನಿಕ್. ನಾಲ್ಕು ದಿನಗಳ ತರುವಾಯ ಅದು ಸಾವಿರದ ಐನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡು ಅಟ್ಲಾಂಟಿಕ್ ಸಾಗರದ ತಳ ಸೇರಿದ ಕಥೆಯನ್ನು ಅರಿಯದವರು ವಿರಳ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದೇ ರೇವಿಗೆ, ಎದುರು ದಿಕ್ಕಿನಿಂದ, ಇನ್ನೊಂದು ನಾವೆ ಬಂದು ತಲುಪಿದ ಕಥೆಯನ್ನು ಅರಿತವರೂ ಅಷ್ಟೇ ವಿರಳ. ಆ ನಾವೆಯ ಉದ್ದ ಕೇವಲ 35 ಅಡಿ. ಟೈಟಾನಿಕ್ಕಿನ ಉದ್ದಕ್ಕೆ ಅಂಥ ಇಪ್ಪತ್ತೈದು ದೋಣಿಗಳನ್ನು ಸಾಲಾಗಿ ಜೋಡಿಸಬಹುದಾಗಿತ್ತು!

'ಡೆಟ್ರಾಯಿಟ್' ಎಂಬುದು ಆ ಯಂತ್ರದೋಣಿಯ ಹೆಸರು. ಅಮೆರಿಕದ ಮಹಾಸರೋವರಗಳ ಸೀಮೆಯಲ್ಲಿರುವ ಡೆಟ್ರಾಯಿಟ್ ನಗರದಿಂದ ರಷ್ಯದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನವರೆಗೆ ಅದನ್ನು ನಡೆಸಿಕೊಂಡು ಹೋಗಬೇಕೆಂಬುದು ಸಂಕಲ್ಪ. ಮುಂದಾಳು ಥಾಮಸ್ ಫ್ಲೆಮಿಂಗ್ ಡೇ, 'ದಿ ರಡರ್' ಎಂಬ ನೌಕಾವಿಹಾರ ಪತ್ರಿಕೆಯ ಸಂಪಾದಕ. ಸಣ್ಣ ದೋಣಿಯಾದ ಮಾತ್ರಕ್ಕೆ ಅದು ಕಡಲಿಗೆ ಅಯೋಗ್ಯವಲ್ಲವೆಂದು ಆತ ಬರೆಯುತ್ತಿದ್ದುದಷ್ಟೇ ಅಲ್ಲ, 1911ರಲ್ಲಿ 25 ಅಡಿಯ ಹಾಯಿದೋಣಿಯಲ್ಲಿ ಅಟ್ಲಾಂಟಿಕನ್ನು ದಾಟಿ ಇಟಲಿ ಮುಟ್ಟಿ ತನ್ನ ಮಾತನ್ನು ಮಾಡಿ ತೋರಿಸಿದ್ದ. ಆದರೆ ಈ ಸಲದ ಪರೀಕ್ಷೆ ಬೇರೆ. ಹಾಯಿಯನ್ನು ನಂಬಿದವನಿಗೆ ಗಾಳಿ ಇಂದಿಲ್ಲದಿದ್ದರೆ ನಾಳೆ ಬಂದೀತು. ಯಂತ್ರವನ್ನು ನಂಬಿದವನ ಗಾಳಿಯೆಲ್ಲ ಅವನ ಪೀಪಾಯಿಯಲ್ಲಿಯೇ ಇರುತ್ತದೆ. ಅದು ಮುಗಿದ ದಿನ ನಡುಗಡಲಿನಲ್ಲಿ ಕೈಹಿಡಿಯುವವರಿಲ್ಲ.

ತಂದೆ ಮತ್ತು ಮಗ

ಈ ಸಾಹಸಕ್ಕೆ ಮುಂಚೆಯೇ ಮೇಲ್ಪಂಕ್ತಿಯೊಂದು ಇದ್ದಿತು. 1902ರಲ್ಲಿ ವಿಲಿಯಂ ನ್ಯೂಮನ್ ಎಂಬ ನಾವಿಕನು ಹದಿನಾರರ ಹರೆಯದ ತನ್ನ ಮಗ ಎಡ್ವರ್ಡನನ್ನು ಮಾತ್ರ ಜೊತೆಗಿರಿಸಿಕೊಂಡು, 38 ಅಡಿಯ 'ಏಬಿಯಲ್ ಅಬಟ್ ಲೋ' ಎಂಬ ದೋಣಿಯಲ್ಲಿ ನ್ಯೂಯಾರ್ಕಿನಿಂದ ಹೊರಟನು. ಯಂತ್ರ ಓಡುತ್ತಿದ್ದುದು ಸೀಮೆಎಣ್ಣೆಯಿಂದ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಶೇಖರವಾಗಿ, ಒಂದು ಕಿಡಿ ತಗುಲಿದರೂ ಸಿಡಿಯುತ್ತದೆ. ಸೀಮೆಎಣ್ಣೆಗೆ ಆ ಭಯ ಕಡಮೆ. ಆದರೆ ಭಯವು ಬೇರೊಂದು ರೂಪದಲ್ಲಿ ಬಂದಿತು. ಎಣ್ಣೆಯ ತೊಟ್ಟಿ ಸೋರತೊಡಗಿ, ಪ್ರಾಣಾಧಾರವಾದ ಇಂಧನವೇ ದೋಣಿಯ ಒಡಲಿಗೆ ಇಳಿಯಿತು. ಅದನ್ನು ಉಳಿಸಿಕೊಳ್ಳಲು ಹೆಣಗುತ್ತ, ಅದರ ನಾತದಲ್ಲಿಯೇ ಉಣ್ಣುತ್ತ, ಮಲಗುತ್ತ ತಂದೆಮಕ್ಕಳು ದಿನಗಳನ್ನು ನೂಕಿದರು. 36 ದಿನಗಳ ಮೇಲೆ ಇಂಗ್ಲೆಂಡಿನ ಫಾಲ್ಮತ್ ಬಂದರು ಕಣ್ಣಿಗೆ ಬಿದ್ದಿತು. ಲೆಕ್ಕ ಹಾಕಿದರೆ ಅವರ ಸರಾಸರಿ ವೇಗ ಬಿರುಸಾಗಿ ನಡೆಯುವ ಮನುಷ್ಯನ ವೇಗಕ್ಕಿಂತ ಅಷ್ಟೇನೂ ಹೆಚ್ಚಿನದಲ್ಲ. ಆದರೂ ಇಬ್ಬರೂ ಜೀವಂತವಾಗಿ ದಡ ಸೇರಿದರು.

ಅವಸರಕ್ಕೆ ತೆರುವ ದಂಡ

ಇಂಥ ಪ್ರಯಾಣದ ಗೆಲುವು ಸೋಲುಗಳು ಬಹುಮಟ್ಟಿಗೆ ದಡದ ಮೇಲೆಯೇ, ಕಾಗದ ಪೆನ್ಸಿಲುಗಳ ನಡುವೆ ತೀರ್ಮಾನವಾಗಿಬಿಡುತ್ತವೆ. ನೀರನ್ನು ಸೀಳಿ ನಡೆಯುವ ದೋಣಿ ತನ್ನ ಮುಂದೆ ತಾನೇ ಒಂದು ತೆರೆಯನ್ನೆಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ತೆರೆಯೂ ನೀಳವಾಗಿ, ಕೊನೆಗೆ ದೋಣಿಯು ತಾನೆಬ್ಬಿಸಿದ ತೆರೆಯನ್ನೇ ಗುಡ್ಡದಂತೆ ಹತ್ತಬೇಕಾಗುತ್ತದೆ. ಆಗ ಸುರಿದ ಎಣ್ಣೆಯೆಲ್ಲ ನೀರನ್ನು ಕಲಕುವುದಕ್ಕೇ ವ್ಯಯವಾಗುವುದು. ಸ್ಥೂಲವಾಗಿ ಹೇಳುವುದಾದರೆ, ವೇಗ ಎರಡರಷ್ಟಾದರೆ ಬೇಕಾಗುವ ಶಕ್ತಿ ಎಂಟರಷ್ಟಾಗುತ್ತದೆ.

ಓದುಗರು ಒಂದು ಊಹೆಯ ಲೆಕ್ಕವನ್ನು ನೋಡಬಹುದು. 3,000 ನಾವಿಕ ಮೈಲಿಗಳ ಹಾದಿ. ಒಂದು ನಾವಿಕ ಮೈಲಿಯೆಂದರೆ 1.852 ಕಿಲೋಮೀಟರ್. ಗಂಟೆಗೆ 6 ಮೈಲಿಯಂತೆ ಸಾಗಿದರೆ 500 ಗಂಟೆ, ಎಂದರೆ ಸುಮಾರು 21 ದಿನ. ಯಂತ್ರವು ಗಂಟೆಗೆ 6 ಲೀಟರು ಕುಡಿಯುವುದೆಂದರೆ 3,000 ಲೀಟರು ಬೇಕು. "ಬೇಗ ಮುಟ್ಟೋಣ" ಎಂದು ವೇಗವನ್ನು 8 ಮೈಲಿಗೆ ಏರಿಸಿದರೆ ಉಳಿಯುವುದು ಐದೇ ದಿನ. ಆದರೆ ಬೇಕಾಗುವ ಎಣ್ಣೆ 5,300 ಲೀಟರನ್ನು ಮೀರುತ್ತದೆ. ಸಣ್ಣ ದೋಣಿ ಅಷ್ಟನ್ನು ಹೊರುವುದೆಲ್ಲಿಂದ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕಡಲಿನಲ್ಲಿ ಬರಿಯ ನೀತಿಮಾತಲ್ಲ, ಪ್ರಾಣರಕ್ಷಣೆಯ ಸೂತ್ರ. ಎದುರುಗಾಳಿಗೆಂದು, ದಾರಿ ತಪ್ಪಿದರೆಂದು ಐದರಲ್ಲೊಂದು ಪಾಲನ್ನಾದರೂ ಮುಟ್ಟದೆ ಕಾಯ್ದಿರಿಸುವುದು ಬಲ್ಲವರ ಪದ್ಧತಿ.

ಕುಡಿಯುವ ನೀರಿನದೂ ಇದೇ ಕಥೆ. ಸಮುದ್ರದ ನಂಟು, ಉಪ್ಪಿಗೆ ಬಡತನ ಎನ್ನುತ್ತಾರೆ. ಇಲ್ಲಿ ಸುತ್ತಲೂ ನೀರಿದ್ದು ಬಾಯಿಗೆ ನೀರಿನ ಬಡತನ. ತಲೆಗೆ ದಿನಕ್ಕೆ 4 ಲೀಟರಿನಂತೆ ನಾಲ್ವರಿಗೆ ಮೂವತ್ತು ದಿನಕ್ಕೆ 480 ಲೀಟರನ್ನು ಹೊತ್ತುಕೊಂಡೇ ಹೊರಡಬೇಕು.

ಮೂರು ವಾರಗಳ ಸದ್ದು

'ಡೆಟ್ರಾಯಿಟ್' ದೋಣಿಯ ಎರಡು ತುದಿಗಳೂ ಜೀವರಕ್ಷಕ ದೋಣಿಯಂತೆ ಚೂಪಾಗಿದ್ದವು. ಹಿಂದಿನಿಂದ ನುಗ್ಗುವ ತೆರೆಯನ್ನೂ ಅದು ಸೀಳಬಲ್ಲುದಾಗಿತ್ತು. ಸ್ಕ್ರಿಪ್ಸ್ ಕಂಪೆನಿಯ ಎರಡು ಸಿಲಿಂಡರುಗಳ ಪೆಟ್ರೋಲ್ ಯಂತ್ರದ ಬಲ 16 ಅಶ್ವಶಕ್ತಿ. ಇಂದಿನ ಮೋಟಾರ್ ಸೈಕಲ್ಲುಗಳಲ್ಲಿಯೇ ಅದಕ್ಕಿಂತ ಬಲವಾದವು ಎಷ್ಟೋ ಇವೆ! ನಾಲ್ವರು ಆರೋಹಿಗಳು ನ್ಯೂಯಾರ್ಕಿನ ನೆರೆಯ ನ್ಯೂ ರಾಶೆಲ್‌ನಿಂದ ಜುಲೈ ತಿಂಗಳಿನಲ್ಲಿ ತೆರೆಗಡಲಿಗೆ ಇಳಿದರು. ಕಾಲದ ಆಯ್ಕೆ ಆಕಸ್ಮಿಕವಲ್ಲ. ಉತ್ತರ ಅಟ್ಲಾಂಟಿಕಿನಲ್ಲಿ ಚಳಿಗಾಲದ ಬಿರುಗಾಳಿಗಳು ಭೀಕರ. ಬೇಸಗೆಯ ನಡುವಿನಲ್ಲಿ ಕಡಲು ಒಂದಿಷ್ಟು ಸೌಮ್ಯ. ಅಲ್ಲದೆ ಗಲ್ಫ್ ಪ್ರವಾಹವೂ ಪಡುವಣ ಗಾಳಿಯೂ ಪೂರ್ವಕ್ಕೆ ಹೋಗುವವನ ಬೆನ್ನಿಗಿರುತ್ತವೆ. ಅದಕ್ಕೆ ಪ್ರತಿಯಾಗಿ, ಲ್ಯಾಬ್ರಡಾರಿನ ತಣ್ಣೀರು ಗಲ್ಫಿನ ಬೆಚ್ಚನೆಯ ನೀರನ್ನು ಸಂಧಿಸುವ ನ್ಯೂಫೌಂಡ್‌ಲೆಂಡ್ ಸೀಮೆಯಲ್ಲಿ ಬೇಸಗೆಯಲ್ಲಿಯೇ ದಟ್ಟವಾದ ಮಂಜು ಕವಿಯುತ್ತದೆ.

ದೊಡ್ಡ ಹಾಯಿಯ ಆಸರೆಯಿಲ್ಲದ ದೋಣಿ ತೊಟ್ಟಿಲಿನಂತೆ ಅತ್ತಿತ್ತ ಹೊರಳುತ್ತದೆ. ಆದರೆ ಈ ತೊಟ್ಟಿಲಿನಲ್ಲಿ ನಿದ್ರೆ ಬರುವುದಿಲ್ಲ. ಹೊರಳಾಟಕ್ಕೆ ತೊಟ್ಟಿಯ ತಳದ ಕಸರು ಕದಡಿ ಎಣ್ಣೆಯ ಕೊಳವೆಯನ್ನು ಕಟ್ಟಿದರೆ ಯಂತ್ರ ಮೌನ ತಾಳುವುದು. ಹಗಲಿರುಳೂ ಕಿವಿಗಡಚಿಕ್ಕುವ ಯಂತ್ರದ ಸದ್ದು ದಡದಲ್ಲಿದ್ದವರಿಗೆ ಉಪದ್ರವವೆನಿಸಬಹುದು. ನಡುಗಡಲಿನವರಿಗೆ ಅದೇ ಮಂಗಳವಾದ್ಯ. ದಾರಿಯನ್ನು ಕಂಡುಕೊಳ್ಳಲು ಅಂದು ಇದ್ದ ಸಾಧನಗಳು ಸೂರ್ಯನಕ್ಷತ್ರಗಳ ಎತ್ತರವನ್ನಳೆಯುವ ಸೆಕ್ಸ್‌ಟೆಂಟ್ ಮತ್ತು ನಿಖರವಾದ ಗಡಿಯಾರ. ಗಡಿಯಾರ ನಾಲ್ಕೇ ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಒಂದು ನಾವಿಕ ಮೈಲಿಯಷ್ಟು ಲೆಕ್ಕ ತಪ್ಪುತ್ತದೆ.

ಸುಮಾರು ಮೂರು ವಾರಗಳ ತರುವಾಯ ಐರ್ಲೆಂಡಿನ ಹಸುರು ಗುಡ್ಡಗಳು ಗೋಚರಿಸಿದವು. ಈಗ ಕೋವ್ ಎಂಬ ಹೆಸರಿನಿಂದ ಕರೆಯಲ್ಪಡುವ ಕ್ವೀನ್ಸ್‌ಟೌನ್, ನೀರಿನಂಚಿನಿಂದಲೇ ಮೇಲೇರುವ ಇಳಿಜಾರಿನ ಊರು. ಮೇಲೆ ಸೇಂಟ್ ಕೋಲ್ಮನ್ ದೇವಾಲಯ ಆಗಿನ್ನೂ ನಿರ್ಮಾಣ ಮುಗಿಯದೆ ನಿಂತಿತ್ತು. ಅಲ್ಲಿಂದ ಮುಂದೆ ಇಂಗ್ಲೆಂಡಿನ ತೀರವನ್ನೂ ಬಾಲ್ಟಿಕ್ ಸಮುದ್ರವನ್ನೂ ಹಾದು, ಸೆಪ್ಟೆಂಬರಿನಲ್ಲಿ 'ಡೆಟ್ರಾಯಿಟ್' ನೀವಾ ನದಿಯ ದಡದ ರಾಜಧಾನಿಯನ್ನು ಸೇರಿತು.

ಅಂದೂ ಇಂದೂ

ಆ ಬಳಿಕ ಹಲವರು ಈ ಹಾದಿ ತುಳಿದರು. ಫ್ರಾನ್ಸಿನ ಚಿತ್ರಕಾರ ಮರೀನ್-ಮರಿ 1936ರಲ್ಲಿ 'ಅರಿಯೆಲ್' ಎಂಬ ಡೀಸೆಲ್ ದೋಣಿಯಲ್ಲಿ ಒಂಟಿಯಾಗಿಯೇ ನ್ಯೂಯಾರ್ಕಿನಿಂದ ಫ್ರಾನ್ಸಿಗೆ ಬಂದನು. ಅಮೆರಿಕದ ನೌಕಾಧಿಕಾರಿ ರಾಬರ್ಟ್ ಬೀಬ್ ಸಿಂಗಪುರದಲ್ಲಿ ಕಟ್ಟಿಸಿದ 50 ಅಡಿಯ 'ಪ್ಯಾಸೇಜ್‌ಮೇಕರ್' ದೋಣಿಯಲ್ಲಿ 1963ರಲ್ಲಿ ಹಿಂದೂ ಮಹಾಸಾಗರವನ್ನು ದಾಟಿ ಗ್ರೀಸ್ ದೇಶಕ್ಕೆ ಹೋದನು. ಈ ವಿದ್ಯೆಯನ್ನು ಕುರಿತು 1975ರಲ್ಲಿ ಆತ ಬರೆದ ಗ್ರಂಥವನ್ನು ದೂರಯಾನದ ಯಂತ್ರದೋಣಿಯವರು ಇಂದಿಗೂ ಓದುತ್ತಾರೆ. ಇಂದು ಉಪಗ್ರಹಗಳು ದಾರಿ ತೋರಿಸುತ್ತವೆ. ಆಪತ್ತಿನ ಕೂಗನ್ನು ದಡಕ್ಕೆ ಮುಟ್ಟಿಸುತ್ತವೆ. ಆದರೆ ಖಾಲಿ ತೊಟ್ಟಿಯನ್ನು ತುಂಬಿಸುವ ಉಪಗ್ರಹ ಇನ್ನೂ ಹುಟ್ಟಿಲ್ಲ.

ಇದು ಪರದೇಶದ ಸಾಹಸಿಗಳಿಗಷ್ಟೇ ಸೇರಿದ ಪಾಠವೆಂದು ಭಾವಿಸಬೇಕಾಗಿಲ್ಲ. ನಮ್ಮ ಮಲ್ಪೆ ಮಂಗಳೂರುಗಳ ಬಂದರುಗಳಲ್ಲಿ, ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧ ಮುಗಿದೊಡನೆ, ಆಳಸಮುದ್ರಕ್ಕೆ ಹೊರಡುವ ಮೀನುಗಾರರು ಡೀಸೆಲ್, ಮಂಜುಗಡ್ಡೆ, ಅಕ್ಕಿ, ಕುಡಿಯುವ ನೀರು ಇವನ್ನೆಲ್ಲ ದಿನಗಳ ಲೆಕ್ಕದಲ್ಲಿ ತುಂಬಿಕೊಳ್ಳುತ್ತಾರೆ. ಮೀನು ಎಷ್ಟೇ ದೂರಕ್ಕೆ ಸೆಳೆದರೂ ಹಿಂದಿರುಗುವ ಹಾದಿಯ ಎಣ್ಣೆಗೆ ಅವರು ಕೈಹಾಕುವಂತಿಲ್ಲ. ಅವರ ಮನೆಗಳಲ್ಲಿ ಕಾಯುತ್ತಿರುವ ಹೆಂಡಿರು ಮಕ್ಕಳ ನೆಮ್ಮದಿ ಆ ಲೆಕ್ಕವನ್ನೇ ಅವಲಂಬಿಸಿದೆ.